ಮತದಾನ ನಡೆದಿದೆ, ತಕರಾರು ಯಾವುದಕ್ಕೆ?

ಪ್ರಶ್ನೆ: ಹಂಗೆರಿಯಲ್ಲಿ ವಿಕ್ಟರ್ ಓರ್ಬನ್ 2010ರಿಂದ 2022ರವರೆಗೆ ಸತತ ನಾಲ್ಕು ಚುನಾವಣೆ ಗೆದ್ದರು. ಜನರೇ ಮತ ಹಾಕಿ ಗೆಲ್ಲಿಸಿದ್ದಾರೆ. ಹಾಗಿದ್ದೂ ಅಲ್ಲಿ ಪ್ರಜಾಪ್ರಭುತ್ವ ಕುಸಿಯಿತು ಎನ್ನುವುದು ಸೋತವರ ಗೊಣಗಾಟವಲ್ಲವೆ?
– ಓದುಗರೊಬ್ಬರು, ಹಾಸನ

ಉತ್ತರ: ಜನ ಮತ ಹಾಕಿ ಆರಿಸಿದ ಮೇಲೆ ಆಕ್ಷೇಪ ಯಾವುದಕ್ಕೆ ಎಂಬ ಗೊಂದಲ ಸಹಜವೇ. ಪ್ರಜಾಪ್ರಭುತ್ವಕ್ಕೆ ಧಕ್ಕೆ ಎಂದೊಡನೆ ನಮಗೆ ನೆನಪಾಗುವುದು 1975ರ ತುರ್ತು ಪರಿಸ್ಥಿತಿ: ಪತ್ರಿಕೆಗಳಿಗೆ ಸೆನ್ಸಾರ್, ಬೆಂಗಳೂರಿನ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ. ಓರ್ಬನ್ ವಿರೋಧ ಪಕ್ಷದ ನಾಯಕರನ್ನು ಹಾಗೆ ಜೈಲಿಗೆ ತಳ್ಳಲಿಲ್ಲ. ಅವರು ಬದಲಿಸಿದ್ದು ನಿಯಮಗಳನ್ನು, ಅದನ್ನೂ ಸಂಸತ್ತಿನಲ್ಲಿ ಮತಕ್ಕೆ ಹಾಕಿಯೇ.

2010ರಲ್ಲಿ ಅವರ ಫಿದೆಸ್ ಮೈತ್ರಿಕೂಟಕ್ಕೆ ಬಂದದ್ದು ಸುಮಾರು ಶೇ 53 ಮತ; ಸ್ಥಾನಗಳು ಮಾತ್ರ ಮೂರನೇ ಎರಡಕ್ಕಿಂತ ಹೆಚ್ಚು. ಇಷ್ಟಕ್ಕೇ ಅಕ್ರಮ ಎನ್ನಬೇಡಿ. 1984ರಲ್ಲಿ ನಮ್ಮಲ್ಲೂ ಕಾಂಗ್ರೆಸ್ ಅರ್ಧಕ್ಕಿಂತ ಕಡಿಮೆ ಮತ ಪಡೆದು 400ಕ್ಕೂ ಹೆಚ್ಚು ಸ್ಥಾನ ಗೆದ್ದಿತ್ತು. ಆದರೆ ಇಲ್ಲಿ ಸಂವಿಧಾನ ತಿದ್ದಲು ರಾಜ್ಯಸಭೆಯೂ ಒಪ್ಪಬೇಕು, ಕೆಲವು ವಿಷಯಗಳಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಸಭೆಗಳೂ ಒಪ್ಪಬೇಕು. ಹಂಗೆರಿಗೆ ಇರುವುದು ಒಂದೇ ಸದನ. ಅಲ್ಲಿ ಮೂರನೇ ಎರಡು ಕೈಗೆ ಬಂದರೆ ಮುಗಿಯಿತು. 2011ರಲ್ಲಿ ಹೊಸ ಸಂವಿಧಾನವನ್ನೇ ಅಂಗೀಕರಿಸಲಾಯಿತು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿ, ಹಿರಿಯರನ್ನೆಲ್ಲ ಒಟ್ಟಿಗೆ ಮನೆಗೆ ಕಳಿಸಲಾಯಿತು. ಇದು ತಪ್ಪೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಎಷ್ಟೋ ಕುರ್ಚಿಗಳಲ್ಲಿ ಬೇರೆಯವರು ಕೂತಾಗಿತ್ತು.

ಚುನಾವಣಾ ಕಾಯ್ದೆಯನ್ನೂ ಬದಲಿಸಲಾಯಿತು. ಅದನ್ನು ಸ್ವಲ್ಪ ನಿಧಾನವಾಗಿ ನೋಡಿ, ವಿರೋಧ ಪಕ್ಷಗಳ ಒಡಕು ಓರ್ಬನ್‌ಗೆ ಲಾಭವಾದದ್ದು ಇಲ್ಲೇ. ಮೊದಲು ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದ ಕ್ಷೇತ್ರದಲ್ಲಿ ಎರಡನೇ ಸುತ್ತು ಇರುತ್ತಿತ್ತು. ಜಗಳವಾಡಿಕೊಂಡ ಪಕ್ಷಗಳು ಆ ನಡುವೆ ರಾಜಿಯಾಗಿ ಒಬ್ಬರನ್ನು ಬೆಂಬಲಿಸಲು ಅವಕಾಶವಿತ್ತು. ಹೊಸ ಕಾಯ್ದೆ ಎರಡನೇ ಸುತ್ತನ್ನೇ ತೆಗೆದುಹಾಕಿತು. ಇನ್ನೊಂದು ಚಮತ್ಕಾರವೂ ಇದೆ. ಒಂದು ಕ್ಷೇತ್ರದಲ್ಲಿ ಗೆದ್ದವರಿಗೆ 30,000, ಎರಡನೆಯವರಿಗೆ 20,000 ಮತ ಬಂದವು ಎನ್ನೋಣ. ಸೋತವರ ಮತಗಳನ್ನು ಅವರ ಪಕ್ಷದ ರಾಷ್ಟ್ರೀಯ ಪಟ್ಟಿಯ (ಕ್ಷೇತ್ರಗಳ ಹೊರತಾಗಿ, ಪಕ್ಷಗಳ ಮತ ನೋಡಿ ಹಂಚುವ ಸ್ಥಾನಗಳ) ಲೆಕ್ಕಕ್ಕೆ ಸೇರಿಸುವ ಪದ್ಧತಿ ಹಿಂದೆಯೂ ಇತ್ತು. ಈಗ ಗೆದ್ದವರಿಗೆ ಹೆಚ್ಚಾಗಿ ಬಂದ ಸುಮಾರು 10,000 ಮತಗಳೂ ಅವರ ಪಕ್ಷದ ಪಟ್ಟಿಗೆ ಸೇರುತ್ತವೆ. 2014ರಲ್ಲಿ ಫಿದೆಸ್ ಮತ ಸುಮಾರು ಶೇ 45ಕ್ಕೆ ಇಳಿದರೂ 199ರಲ್ಲಿ 133 ಸ್ಥಾನ, ಅಂದರೆ ಮತ್ತೆ ಮೂರನೇ ಎರಡು, ಅದರ ಪಾಲಾಯಿತು.

ಹಾಗಾದರೆ ವಿರೋಧಿಗಳು ಒಂದಾಗಬಾರದಿತ್ತೆ ಎಂದು ನೀವು ಕೇಳಬಹುದು. ಒಂದಾದರು. 2019ರಲ್ಲಿ ಬುಡಾಪೆಸ್ಟ್ ಮೇಯರ್ ಸ್ಥಾನವನ್ನು ಹಾಗೆಯೇ ಗೆದ್ದರು. 2022ರಲ್ಲಿ ಆರು ಪಕ್ಷಗಳು ಸೇರಿ ಪೀಟರ್ ಮಾರ್ಕಿ-ಜಾಯ್ ಅವರನ್ನು ಪ್ರಧಾನಿ ಅಭ್ಯರ್ಥಿಯಾಗಿ ಮುಂದಿಟ್ಟವು. ಸುಮಾರು ಶೇ 54 ಮತ ಪಡೆದು ಓರ್ಬನ್ ಗೆದ್ದರು. ಹಳ್ಳಿಗಳಲ್ಲಿ ಅವರ ಮೇಲಿನ ಒಲವು ನಿಜವಾದದ್ದೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರಚಾರದ ವೇಳೆ ಸರ್ಕಾರಿ ಟಿ.ವಿ. ಮಾರ್ಕಿ-ಜಾಯ್ ಅವರಿಗೆ ಮಾತಾಡಲು ಕೊಟ್ಟ ಸಮಯ ಐದು ನಿಮಿಷ.