ವಿದ್ಯಾಲಯದ ಅಂಗಳದಲ್ಲಿ ಬಂದೂಕು

ವಿದ್ಯಾರ್ಥಿಯ ಕೈಚೀಲದಲ್ಲಿ ಪುಸ್ತಕವಿರಬೇಕು, ಲೇಖನಿಯಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅವುಗಳೊಡನೆ ಪಿಸ್ತೂಲೂ ಇರಬಹುದೇ ಎಂಬ ಪ್ರಶ್ನೆ ನಮಗೆ ವಿಚಿತ್ರವಾಗಿ ತೋರಬಹುದು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆ ಶಾಸನಸಭೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಗಂಭೀರ ಚರ್ಚೆಗೆ ಒಳಗಾಗಿದೆ.

ಭಾರತದಲ್ಲಿ ಬಂದೂಕನ್ನು ಹೊಂದಲು 1959ರ ಆಯುಧ ಅಧಿನಿಯಮದಂತೆ ಪರವಾನಗಿ ಪಡೆಯಬೇಕು. ಅದು ಸರ್ಕಾರ ನೀಡುವ ಅನುಮತಿಯೇ ಹೊರತು ಸಂವಿಧಾನವಿತ್ತ ಹಕ್ಕಲ್ಲ. ಅಮೆರಿಕಾದ ಸ್ಥಿತಿ ಬೇರೆ. 1791ರಲ್ಲಿ ಸ್ಥಿರಪಟ್ಟ ಅಲ್ಲಿನ ಸಂವಿಧಾನದ ಎರಡನೆಯ ತಿದ್ದುಪಡಿಯು ಆಯುಧ ಹೊಂದುವ ಹಕ್ಕನ್ನು ಮಾನ್ಯಮಾಡಿದೆ. ಆ ಹಕ್ಕು ಕಾಲೇಜಿನ ಹೆಬ್ಬಾಗಿಲಲ್ಲೇ ನಿಲ್ಲಬೇಕೆ, ಒಳಗೂ ನಡೆದು ಬರಬೇಕೆ ಎಂಬುದೇ ವಿವಾದದ ತಿರುಳು.

1966ರ ಆಗಸ್ಟ್ 1ರಂದು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿರುವ ವಿಶ್ವವಿದ್ಯಾಲಯದಲ್ಲಿ ಘೋರ ಘಟನೆಯೊಂದು ನಡೆಯಿತು. ಹಿಂದೆ ಸೈನಿಕನಾಗಿದ್ದ ವಿದ್ಯಾರ್ಥಿಯೊಬ್ಬನು ಅಲ್ಲಿನ ಎತ್ತರದ ಗೋಪುರವನ್ನೇರಿ, ಸುಮಾರು ಒಂದೂವರೆ ಗಂಟೆಯ ಕಾಲ ಕೆಳಗೆ ನಡೆದಾಡುತ್ತಿದ್ದವರ ಮೇಲೆ ಗುಂಡಿನ ಮಳೆಗರೆದನು. ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಆಗ ಕೆಲವು ನಾಗರಿಕರು ತಮ್ಮ ಬಂದೂಕುಗಳನ್ನು ತಂದು ಗೋಪುರದತ್ತ ಗುರಿಯಿಟ್ಟರು. ಕೊನೆಗೆ ಪೊಲೀಸರು ಮೇಲೇರಿ ಕೊಲೆಗಾರನನ್ನು ಹೊಡೆದುರುಳಿಸಿದರು.

ಈ ಒಂದೇ ಘಟನೆ ಎರಡು ಪಕ್ಷಗಳಿಗೂ ಆಧಾರವಾಗಿದೆ. ನಾಗರಿಕರ ಗುಂಡಿಗೆ ಹೆದರಿ ಕೊಲೆಗಾರನು ಗೋಡೆಯ ಮರೆ ಸೇರಬೇಕಾಯಿತು ಎಂದು ಒಂದು ಪಕ್ಷ ಹೇಳುತ್ತದೆ. ಅದೇ ಗುಂಡುಗಳು ಮೇಲೇರಿದ ಪೊಲೀಸರ ಪ್ರಾಣಕ್ಕೂ ಅಪಾಯ ತಂದವು ಎಂದು ಇನ್ನೊಂದು ಪಕ್ಷ ನೆನಪಿಸುತ್ತದೆ.

2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ಸಂಸ್ಥೆಯಲ್ಲಿ ವಿದ್ಯಾರ್ಥಿಯೊಬ್ಬನ ಗುಂಡಿಗೆ 32 ಮಂದಿ ಬಲಿಯಾದಾಗ ವಾದ ಮತ್ತೆ ಭುಗಿಲೆದ್ದಿತು. ಬಂದೂಕಿಗೆ ಪ್ರವೇಶವಿಲ್ಲವೆಂಬ ಫಲಕವನ್ನು ಕೊಲೆಗಾರನು ಲೆಕ್ಕಿಸುವನೇ, ಕಾನೂನಿಗೆ ತಲೆಬಾಗುವವರು ಮಾತ್ರ ಬರಿಗೈಯಲ್ಲಿ ನಿಲ್ಲಬೇಕೇ ಎಂಬುದು ಪರವಾದಿಗಳ ಪ್ರಶ್ನೆ. 2015ರಲ್ಲಿ ಟೆಕ್ಸಾಸ್ ಶಾಸನವೊಂದನ್ನು ರಚಿಸಿ, ಪರವಾನಗಿಯುಳ್ಳವರು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕೈಬಂದೂಕನ್ನು ಮರೆಯಾಗಿಟ್ಟುಕೊಂಡು ಸಂಚರಿಸಲು ಅವಕಾಶವಿತ್ತಿತು. ಅದು ಜಾರಿಗೆ ಬಂದುದು 2016ರ ಆಗಸ್ಟ್ 1ರಂದು. ಗೋಪುರದ ದುರಂತಕ್ಕೆ ಅಂದಿಗೆ ಸರಿಯಾಗಿ ಐವತ್ತು ವರ್ಷ. ಖಾಸಗಿ ಸಂಸ್ಥೆಗಳಿಗೆ ಆಯ್ಕೆಯ ಸ್ವಾತಂತ್ರ್ಯವಿತ್ತು. ಅವುಗಳಲ್ಲಿ ಬಹುತೇಕ ಎಲ್ಲವೂ ಬೇಡವೆಂದವು.

ಆಸ್ಟಿನ್ನಿನ ಮೂವರು ಪ್ರಾಧ್ಯಾಪಕಿಯರು ನ್ಯಾಯಾಲಯದ ಮೊರೆಹೊಕ್ಕರು. ಕೇಳುಗರಲ್ಲಿ ಯಾರ ಬಳಿ ಬಂದೂಕಿದೆಯೋ ಎಂಬ ಅಳುಕಿದ್ದರೆ ತರಗತಿಯಲ್ಲಿ ಮುಕ್ತ ಚರ್ಚೆ ಹೇಗೆ ಸಾಧ್ಯವೆಂಬುದು ಅವರ ವಾದ. ಆ ಭೀತಿ ಕೇವಲ ಊಹೆಯನ್ನು ಆಧರಿಸಿದ್ದೆಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ನ್ಯಾಯಾಲಯದಲ್ಲಿ ಮೊಕದ್ದಮೆ ಮುಗಿದರೂ ವಿಚಾರ ಮುಗಿಯಲಿಲ್ಲ. ಮರೆಯಲ್ಲಿರುವ ಆಯುಧ ರಕ್ಷಕನದೋ ಘಾತುಕನದೋ ಎಂಬುದು ಕಣ್ಣಿಗೆ ಕಾಣದು. ಪ್ರಾಣರಕ್ಷಣೆಯ ಬಯಕೆ ಸಹಜವಾದುದು; ಅದನ್ನು ಹಗುರವಾಗಿ ಕಾಣಲಾಗದು. ಆದರೆ ಗುರುವಿನ ಮಾತನ್ನು ಶಿಷ್ಯನು, ಶಿಷ್ಯನ ಮಾತನ್ನು ಗುರುವು ಅಂಜಿಕೆಯಿಲ್ಲದೆ ಖಂಡಿಸಬಲ್ಲ ಸ್ಥಳವೇ ವಿದ್ಯಾಲಯ. ಪರಸ್ಪರ ನಂಬಿಕೆಯೇ ಅದರ ಅಡಿಗಲ್ಲು. ಆ ನಂಬಿಕೆ ಸಡಿಲವಾಗದಂತೆ ಜೀವಗಳನ್ನು ಕಾಯುವ ಬಗೆ ಯಾವುದು ಎಂಬುದೇ ಆ ನಾಡಿನ ಮುಂದಿರುವ ನಿಜವಾದ ಪ್ರಶ್ನೆ.