‘ಯಯಾತಿ’ ನಾಟಕದಲ್ಲಿ ತಂದೆ, ಮಗ ಮತ್ತು ಪೌರುಷದ ಕಲ್ಪನೆ

ಗಿರೀಶ ಕಾರ್ನಾಡರ ಮೊದಲ ನಾಟಕವಾದ ‘ಯಯಾತಿ’ಯು ಧಾರವಾಡದ ಮನೋಹರ ಗ್ರಂಥಮಾಲೆಯಿಂದ 1961ರಲ್ಲಿ ಪ್ರಕಟವಾಯಿತು. ಉನ್ನತ ವ್ಯಾಸಂಗಕ್ಕೆಂದು ಆಕ್ಸ್‌ಫರ್ಡಿಗೆ ಹೊರಡುವ ಸನ್ನಾಹದಲ್ಲಿ, ಹಿರಿಯರ ನಿರೀಕ್ಷೆಗಳ ಭಾರ ಮನಸ್ಸನ್ನು ಒತ್ತುತ್ತಿದ್ದಾಗ, ಈ ಕಥೆ ತಮ್ಮನ್ನು ಹಿಡಿದುಕೊಂಡಿತೆಂದು ಲೇಖಕರೇ ಮುಂದೆ ಹೇಳಿಕೊಂಡಿದ್ದಾರೆ.

ಮೂಲಕಥೆ ಮಹಾಭಾರತದ ಆದಿಪರ್ವದ್ದು. ಶುಕ್ರಾಚಾರ್ಯರ ಶಾಪದಿಂದ ಅಕಾಲವಾರ್ಧಕ್ಯಕ್ಕೆ ಗುರಿಯಾದ ಯಯಾತಿಯು ತನ್ನ ಮುಪ್ಪನ್ನು ಸ್ವೀಕರಿಸುವಂತೆ ಮಕ್ಕಳನ್ನು ಬೇಡುತ್ತಾನೆ. ಹಿರಿಯ ನಾಲ್ವರು ನಿರಾಕರಿಸುತ್ತಾರೆ, ಕಿರಿಯನಾದ ಪುರು ಒಪ್ಪುತ್ತಾನೆ. ಸಾವಿರ ವರ್ಷ ಸುಖವನ್ನನುಭವಿಸಿದ ಮೇಲೆ ಭೋಗದಿಂದ ಕಾಮ ತಣಿಯದೆಂದರಿತ ತಂದೆ ಯೌವನವನ್ನು ಹಿಂದಿರುಗಿಸುತ್ತಾನೆ. ಪುರುವಿಗೆ ರಾಜ್ಯ ದೊರೆಯುತ್ತದೆ. ಪುರಾಣದ ದೃಷ್ಟಿಯಲ್ಲಿ ಇದು ಪಿತೃಭಕ್ತಿಯ ವಿಜಯವೇ ಹೊರತು ದುರಂತವಲ್ಲ.

ಇದೇ ಕಥೆ ರಂಗದ ಮೇಲೆ ದುರಂತವಾದುದು ಹೇಗೆ? ಪುರುವಿಗೆ ನಾಟಕಕಾರರು ಒಬ್ಬ ಹೆಂಡತಿಯನ್ನು ಕೊಟ್ಟಿದ್ದಾರೆ. ಚಿತ್ರಲೇಖೆ ಮಹಾಭಾರತದಲ್ಲಿಲ್ಲದ ಪಾತ್ರ. ತಂದೆ ಮಗಂದಿರ ನಡುವಣ ಕೊಡುಕೊಳ್ಳುವಿಕೆಯಲ್ಲಿ ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಯಯಾತಿಗೆ ಪೌರುಷವೆಂದರೆ ಭೋಗಸಾಮರ್ಥ್ಯ. ಮುಪ್ಪು ಬಂತೆಂದರೆ ತಾನು ತಾನಾಗಿ ಉಳಿಯೆನೆಂಬ ಭಯ ಅವನದು. ಶಾಪವನ್ನು ತಾನೇ ಹೊತ್ತುಕೊಳ್ಳುವುದೇ ಘನತೆಯೆಂಬ ಶರ್ಮಿಷ್ಠೆಯ ವಿವೇಕ ಅವನ ಕಿವಿಗೆ ಬೀಳದು. ಪುರುವಿನ ಸಂಕಟ ಬೇರೆ ಬಗೆಯದು. ಪೂರ್ವಿಕರ ಕೀರ್ತಿಯ ನೆರಳಿನಲ್ಲಿ ಬೆಳೆದ ಅವನಿಗೆ ತನ್ನದೆನ್ನುವ ಸಾಧನೆಯೇ ಇಲ್ಲ. ಯೌವನದಾನವೊಂದೇ ಹಿರಿಮೆಯ ಹತ್ತಿರದ ದಾರಿಯಾಗಿ ಅವನಿಗೆ ಕಾಣುತ್ತದೆ. ಇದು ತ್ಯಾಗವೋ ಪಲಾಯನವೋ ಎಂಬಲ್ಲಿ ವಿಮರ್ಶಕರಿಗೆ ಒಮ್ಮತವಿರಬೇಕಾಗಿಲ್ಲ. ಎರಡೂ ಬೆರೆತಿವೆಯೆಂದೇ ನಮ್ಮ ಅಭಿಪ್ರಾಯ. (‘ಪುರು’ ಮತ್ತು ‘ಪೌರುಷ’ ಶಬ್ದಗಳ ಧ್ವನಿಸಾಮ್ಯಕ್ಕೆ ವಿದ್ಯಾರ್ಥಿಗಳು ಮೋಸಹೋಗಬಾರದು, ಪೌರುಷ ಬಂದದ್ದು ‘ಪುರುಷ’ದಿಂದ, ಪುರುವಿನ ವಂಶದವರು ‘ಪೌರವ’ರು.)

ಪುರುವನ್ನು ಶ್ರೀರಾಮನಿಗೆ ಹೋಲಿಸುವುದು ಸುಲಭ. ಆದರೆ ದಶರಥನು ತನ್ನ ಸುಖಕ್ಕಾಗಿ ಮಗನನ್ನು ಕಾಡಿಗಟ್ಟಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು, ಆ ದುಃಖದಲ್ಲೇ ಪ್ರಾಣಬಿಟ್ಟ. ಹೆಚ್ಚು ಸಮೀಪದ ಹೋಲಿಕೆ ಇದೇ ವಂಶದಲ್ಲಿ ಮುಂದೆ ಹುಟ್ಟಿದ ದೇವವ್ರತನದು. ತಂದೆ ಶಂತನು ಸತ್ಯವತಿಯನ್ನು ವರಿಸಲೆಂದು ಅವನು ಆಜನ್ಮ ಬ್ರಹ್ಮಚರ್ಯವನ್ನು ಸ್ವೀಕರಿಸಿ ಭೀಷ್ಮನೆನಿಸಿದ. ಆ ಪ್ರತಿಜ್ಞೆಯ ಬೆಲೆಯನ್ನು ಅಂಬೆಯೂ ತೆರಬೇಕಾಯಿತು. ಇಲ್ಲಿ ತೆರುವವಳು ಚಿತ್ರಲೇಖೆ.

ಅವಳು ಅತ್ತು ಸುಮ್ಮನಾಗುವವಳಲ್ಲ. ನಾಟಕದ ಅತ್ಯಂತ ತೀಕ್ಷ್ಣವಾದ ಘಟ್ಟದಲ್ಲಿ ಅವಳು ಮಾವನೆದುರು ನಿಂತು ಅವನ ತರ್ಕವನ್ನೇ ಅವನಿಗೆ ಒಪ್ಪಿಸುತ್ತಾಳೆ. ತಾನು ವರಿಸಿದ್ದು ಪುರುವಿನ ತಾರುಣ್ಯವನ್ನು. ಅದೀಗ ಯಯಾತಿಯ ದೇಹದಲ್ಲಿದೆ. ಹಾಗಾದರೆ ಪತಿಯ ಸ್ಥಾನವನ್ನೂ ಅವನೇ ವಹಿಸಬೇಕಲ್ಲವೆ? ಯಯಾತಿ ಬೆಚ್ಚಿಬೀಳುತ್ತಾನೆ. ಮಗನ ಯೌವನವನ್ನು ಪಡೆಯುವಾಗ ಅಡ್ಡಬಾರದ ಧರ್ಮ ಸೊಸೆಯ ಪ್ರಶ್ನೆಯೆದುರು ಥಟ್ಟನೆ ನೆನಪಾಗುತ್ತದೆ! ಈ ಮಾತನ್ನು ಕೇವಲ ನಿರ್ಲಜ್ಜೆಯೆಂದು ಓದುವವರು ನಾಟಕದ ಮರ್ಮವನ್ನೇ ಕಳೆದುಕೊಳ್ಳುತ್ತಾರೆ. ಯೌವನವನ್ನು ಕೈಯಿಂದ ಕೈಗೆ ದಾಟಿಸಬಹುದಾದ ಸೊತ್ತೆಂದು ಮೊದಲು ಎಣಿಸಿದವರು ಗಂಡಸರು. ಆ ಎಣಿಕೆ ಎಲ್ಲಿಗೆ ಮುಟ್ಟುವುದೆಂಬುದನ್ನು ಅವಳು ಕೊನೆಯವರೆಗೆ ನಡೆದು ತೋರಿಸುತ್ತಾಳೆ.

ಅವಳು ವಿಷ ಕುಡಿಯುತ್ತಾಳೆ. ಪುರಾಣದ ಯಯಾತಿಗೆ ಸಾವಿರ ವರ್ಷಗಳ ಬಳಿಕ ಬಂದ ಅರಿವು ಈ ಯಯಾತಿಗೆ ಒಂದು ಹೆಣದ ಮುಂದೆ ಬರುತ್ತದೆ. ಅವನು ಮುಪ್ಪನ್ನು ಮರಳಿ ಪಡೆದು ಶರ್ಮಿಷ್ಠೆಯೊಡನೆ ಅರಣ್ಯಕ್ಕೆ ನಡೆಯುತ್ತಾನೆ. ಪುರುವಿಗೆ ತಾರುಣ್ಯವೂ ಸಿಂಹಾಸನವೂ ಒಟ್ಟಿಗೆ ಹಿಂದಿರುಗಿ ಬರುತ್ತವೆ. ಅವೆರಡನ್ನೂ ಹೊತ್ತು, ಹೆಂಡತಿಯನ್ನು ಕಳೆದುಕೊಂಡು ನಿಂತ ಆ ತರುಣನು ಇದೆಲ್ಲದರ ಅರ್ಥವೇನೆಂದು ದೇವರನ್ನು ಕೇಳುತ್ತಾನೆ. ನಾಟಕಕಾರರು ಉತ್ತರ ಕೊಡುವುದಿಲ್ಲ.