ಹಳೆಯ ಟ್ರ್ಯಾಕ್ಟರಿನ ಆಯುಸ್ಸು

ಹಲವು ವರ್ಷ ದುಡಿದ ಟ್ರ್ಯಾಕ್ಟರನ್ನು ಕೊಳ್ಳಲು ಹೊರಟಿರುವ ರೈತಮಿತ್ರರು, ಹೊಸ ಬಣ್ಣದ ಹೊಳಪಿಗಾಗಲಿ ಮೀಟರು ತೋರಿಸುವ ಗಂಟೆಗಳ ಲೆಕ್ಕಕ್ಕಾಗಲಿ ಮರುಳಾಗದೆ, ಆ ಯಂತ್ರದ ಕುಲವನ್ನೂ ಅದು ದುಡಿದ ನೆಲವನ್ನೂ ಮೊದಲು ವಿಚಾರಿಸತಕ್ಕದ್ದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಸಹಯೋಗದಿಂದ 1960ರ ದಶಕದಲ್ಲಿ ನಮ್ಮ ದೇಶದಲ್ಲಿ ಸಿದ್ಧವಾಗತೊಡಗಿದ ಮಹೀಂದ್ರಾ ಬಿ-275, ಸಿಂಪ್ಸನ್ ಎಂಜಿನ್ನಿನ ಮ್ಯಾಸಿ ಫರ್ಗುಸನ್ 1035, ಜೆಕೊಸ್ಲೊವಾಕಿಯದ ಜೆಟರ್ ವಿನ್ಯಾಸವನ್ನಾಧರಿಸಿ ಪಿಂಜೋರಿನಲ್ಲಿ ತಯಾರಾದ ಎಚ್‌ಎಂಟಿ, ಈ ಮೂರೂ ದೃಢಕಾಯವಾದವುಗಳೇ. ಆದರೆ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟವು ಸಮ್ಮತಿಸಿತು. ಸಮೀಪದ ಪೇಟೆಯಲ್ಲಿ ಬಿಡಿಭಾಗ ದೊರೆಯದಿದ್ದರೆ ಯಂತ್ರವೆಷ್ಟೇ ಬಲಿಷ್ಠವಾಗಿದ್ದರೂ ಬಿತ್ತನೆಯ ಹದದಲ್ಲಿಯೇ ನಿಂತುಬಿಡುವುದಾದ್ದರಿಂದ, ನನ್ನ ಒಲವು ಮೊದಲೆರಡರ ಕಡೆಗೇ.

ಕೆಸರುಗದ್ದೆಯಲ್ಲಿ ದುಡಿದ ಯಂತ್ರವಾದರೆ, ಸವೆದ ಸೀಲುಗಳ ಮೂಲಕ ನೀರು ಒಳಸೇರಿ ಗೇರುಗಳೂ ಬೇರಿಂಗುಗಳೂ ಕೆಟ್ಟಿರುವುದುಂಟು. ಗೇರ್ ಎಣ್ಣೆ ಬೆಳ್ಳಗೆ ನೊರೆಗಟ್ಟಿದ್ದರೆ ಅದೇ ಸಾಕ್ಷಿ. ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿರಿ (ಮೊದಲೇ ಬಿಸಿಮಾಡಿಟ್ಟುಕೊಂಡು ಸ್ವಾಗತಿಸುವ ಜಾಣರೂ ಇದ್ದಾರೆ). ಬ್ರೀದರಿನಿಂದ ಎಡೆಬಿಡದೆ ಹೊಗೆ ಹೊಮ್ಮಿದರೆ ಪಿಸ್ಟನ್ ರಿಂಗು, ಲೈನರುಗಳು ಸವೆದಿರಬಹುದೆಂದು ತಿಳಿಯಬೇಕು. ಅನಂತರ ಕಲ್ಟಿವೇಟರನ್ನು ಮೇಲೆತ್ತಿಸಿ ಎಂಜಿನ್ ನಿಲ್ಲಿಸಿ ನೋಡಿರಿ; ಅದು ತಕ್ಷಣವೇ ಕೆಳಗಿಳಿದರೆ ಹೈಡ್ರಾಲಿಕ್ ರಿಪೇರಿಯ ವೆಚ್ಚವನ್ನು ಕಳೆದೇ ಬೆಲೆಯ ಮಾತನ್ನಾಡಿರಿ.